ಪಟದ ಹಿಂದೆ ಇದ್ದವರು

ಮಂಜಗುಣಿಯ ನಾಗಮ್ಮನವರಿಗೆ ಅರಳುಮರಳು ಆಗಿರಲಿಲ್ಲ. ಆಗಿದೆ ಎಂದು ಅವರ ಮಗ, ಸೊಸೆ, ಕೇರಿಯವರು, ಮೀನುಪೇಟೆಯ ಹೆಂಗಸರು ಒಂಬತ್ತು ವರ್ಷ ನಂಬಿದರು. ನಂಬಿಸಿದವನು ನಾನು. ಅವರದೇ ಹೊಸ ಮನೆಯ ಹಜಾರದಲ್ಲಿ, ಹಾಡಹಗಲು, ಒಂದು ಕೈ ದೇವರ ಪಟದ ಮೇಲೆ ಇಟ್ಟುಕೊಂಡೇ ನಾನು ಸುಳ್ಳು ಹೇಳಿದೆ. ಎರಡು ತುಂಡು ಮಾತು, ಅಷ್ಟೇ. ಅದರಿಂದ ಒಬ್ಬ ಹೆಂಗಸಿನ ಮಾತಿಗೆ ಅವರ ಮನೆಯಲ್ಲೇ ಬೆಲೆ ಇಲ್ಲದ ಹಾಗಾಯಿತು.

ಇದನ್ನು ಆ ಮನೆಯವರ ಮುಂದೆ ಈ ವರ್ಷ ಹೇಳಿಯಾಗಿದೆ. ಆದರೆ ಊರಿಗೆ ಹೇಳಿಲ್ಲ. ಊರು ಇನ್ನೂ ನನ್ನನ್ನು ಒಳ್ಳೆಯವನು ಅಂತಲೇ ತಿಳಿದಿದೆ, ಅದಕ್ಕೆ ಕಾರಣವೂ ಅದೇ ಸುಳ್ಳು — ಅದನ್ನೂ ಬರೆಯುತ್ತೇನೆ. ಬರೆಯದೆ ಇದ್ದರೆ ಅರ್ಧ ಹೇಳಿದ ಹಾಗೆ.

ಅಂಕೋಲೆಯ ಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಜನ ಆಚಾರ್ರು ಅನ್ನುತ್ತಾರೆ. ಅಪ್ಪನಿಂದ ಬಂದ ಕೆಲಸ. ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ದೇವರ ಪಟ, ನಿವೃತ್ತರಾದ ಮಾಸ್ತರರ ಸನ್ಮಾನಪತ್ರ — ಎಲ್ಲ ನನ್ನ ಮೇಜಿನ ಮೇಲೆ ಬೋರಲು ಮಲಗಿ ಎದ್ದು ಹೋಗುತ್ತವೆ. ನೀವೆಲ್ಲ ಪಟದ ಮುಖ ನೋಡುತ್ತೀರಿ, ನನಗೆ ಬೆನ್ನಿನದೇ ಗುರುತು. ರಟ್ಟು ಎಷ್ಟು ದಪ್ಪ, ಮೊಳೆ ಯಾರು ಹೊಡೆದದ್ದು, ಹಾಳೆ ಯಾವ ಅಂಟಿನಿಂದ ಹಚ್ಚಿದ್ದು ಎಂದು ನೋಡಿದ ಕೂಡಲೇ ಹೇಳಬಲ್ಲೆ. ನಾಲ್ಕು ದಶಕ ಅದೇ ಕೆಲಸ ಮಾಡಿದವನಿಗೆ ಅಷ್ಟೂ ಬಾರದಿದ್ದರೆ ಹೇಗೆ?

ಪೇಟೆಯಿಂದ ಕಡಲಿನ ಕಡೆ ಹೋಗುವ ದಾರಿಯಲ್ಲಿ ಒಂದು ಅರಳಿಕಟ್ಟೆ ಇದೆ. ನಮ್ಮ ಕಡೆ ದೇವರ ಪಟವನ್ನು ಕಸಕ್ಕೆ ಹಾಕುವವರಿಲ್ಲ. ಗಾಜು ಒಡೆಯಲಿ, ಬಣ್ಣ ಹೋಗಲಿ, ಗೆದ್ದಲು ತಿನ್ನಲಿ, ಕಸದ ಗಾಡಿ ಹಾಡು ಹಾಕಿಕೊಂಡು ಬಾಗಿಲಿಗೇ ಬಂದರೂ ಅದರೊಳಗೆ ದೇವರನ್ನು ಎಸೆಯುವ ಧೈರ್ಯ ಯಾರಿಗೂ ಇಲ್ಲ. ಸುಡುವ ಹಾಗೂ ಇಲ್ಲ. ಆದ್ದರಿಂದ ಒಂದು ಚೀಲದಲ್ಲಿ ತಂದು, ಅರಳಿ ಮರಕ್ಕೆ ಒರಗಿಸಿ, ಕೈ ಮುಗಿದು, ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ದಾರಿಯಲ್ಲಿ ಪರಿಚಯದವರು ಎದುರಾದರೆ ಇಬ್ಬರೂ ಕಂಡೂ ಕಾಣದ ಹಾಗೆ ಮಾಡುತ್ತಾರೆ.

ಆ ರಾಶಿಯನ್ನು ನೋಡಿದರೆ ಊರು ಗೊತ್ತಾಗುತ್ತದೆ. ಚೌತಿ, ದೀಪಾವಳಿ ಹತ್ತಿರವಾದ ಹಾಗೆ ರಾಶಿ ಏರುತ್ತದೆ. ಯಾವ ಕೇರಿಯಲ್ಲಿ ಹೊಸ ಮನೆ ಎದ್ದಿದೆ, ಎಲ್ಲಿ ಗೋಡೆಗೆ ಟೈಲ್ಸು ಬಂದಿದೆ ಎಂದು ಕಟ್ಟೆಗೆ ಮೊದಲೇ ಗೊತ್ತು. ಅಣ್ಣತಮ್ಮಂದಿರು ಪಾಲಾದ ಮನೆಗಳಿಂದ ಅಜ್ಜನ ಫೋಟೋವೂ ದೇವರ ಜೊತೆ ಬರುತ್ತದೆ. ಹಿತ್ತಾಳೆ ಪಾತ್ರೆ ಹಂಚಿಕೊಳ್ಳುವಾಗ ಜಗಳ ಆಡಿದವರು ಅಜ್ಜನನ್ನು ಮಾತ್ರ ‘ನೀನೇ ಇಟ್ಟುಕೋ’ ಎಂದು ಒಬ್ಬರಿಗೊಬ್ಬರು ಧಾರಾಳವಾಗಿ ಬಿಟ್ಟುಕೊಡುತ್ತಾರೆ. ಕೊನೆಗೆ ಅರಳಿ ಮರ ಇಟ್ಟುಕೊಳ್ಳುತ್ತದೆ.

ನಾನು ಅಲ್ಲಿಂದ ಕಟ್ಟುಗಳನ್ನು ಎತ್ತಿಕೊಂಡು ಬರುತ್ತಿದ್ದೆ. ಹಳೆಯ ಸಾಗುವಾನಿ, ಬೀಟೆ — ಇವತ್ತು ಅಂಥ ಮರ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಕಾರವಾರದ ಅಂಗಡಿಯಿಂದ ನಾನು ತರುವ ಪಟ್ಟಿಯೆಲ್ಲ ಮರದ ಬಣ್ಣ ಬಳಿದುಕೊಂಡ ಪ್ಲಾಸ್ಟಿಕ್ಕು. ಮಳೆಯಲ್ಲಿ ನೆಂದು ಹುಡಿಯಾಗಿ ಹೋಗುವ ಸಾಗುವಾನಿಯನ್ನು ತಂದು, ಉಜ್ಜಿ, ಪಾಲಿಶ್ ಕೊಟ್ಟು ನಿಲ್ಲಿಸಿದರೆ ಮತ್ತೆ ಐವತ್ತು ವರ್ಷ ಬರುತ್ತದೆ. ದೇವರ ಹಾಳೆಯನ್ನು ಮಾತ್ರ ನಾನು ಇಟ್ಟುಕೊಳ್ಳುತ್ತಿರಲಿಲ್ಲ. ಬಿಡಿಸಿ, ಮಡಚಿ, ಮರುದಿನ ಅದೇ ಕಟ್ಟೆಯ ಮೇಲೆ ಕಲ್ಲಿನಡಿ ಇಟ್ಟು ಬರುತ್ತಿದ್ದೆ. ಈಗಲೂ ಹೇಳುತ್ತೇನೆ, ಎತ್ತಿಕೊಂಡದ್ದು ತಪ್ಪಲ್ಲ. ಅಪ್ಪ ಬಾಗಿದ ಮೊಳೆಯನ್ನೂ ತಟ್ಟಿ ನೆಟ್ಟಗೆ ಮಾಡಿ ಬಳಸಿದವನು. ಎತ್ತಿಕೊಂಡದ್ದನ್ನು ಹೊಸದು ಎಂದು ಮಾರಿದ್ದು ತಪ್ಪು. ಹಳೆಯದು ಅಂದರೆ ಯಾರೂ ಮುಟ್ಟುತ್ತಿರಲಿಲ್ಲ. ಬೇರೆ ಮನೆಯವರು ಬಿಟ್ಟ ದೇವರ ಕಟ್ಟು ಎಂದರೆ ಆ ಮನೆಯ ದರಿದ್ರವೂ ಜೊತೆಗೆ ಬರುತ್ತದೆ ಎಂಬ ಹೆದರಿಕೆ. ಹಾಗಾಗಿ ನಾನು ‘ಮಂಗಳೂರಿಂದ ತರಿಸಿದ್ದು’ ಎನ್ನುವುದನ್ನು ಕಲಿತೆ. ಮೊದಲ ಸಲ ನಾಲಿಗೆ ತಡವರಿಸಿತು. ಆಮೇಲೆ ರೂಢಿಯಾಯಿತು.

ಒಂಬತ್ತು ವರ್ಷದ ಹಿಂದೆ ಮಳೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಒಂದು ದೊಡ್ಡ ವೆಂಕಟರಮಣನ ಪಟ ಸಿಕ್ಕಿತು. ಬಣ್ಣವೆಲ್ಲ ಹೋಗಿತ್ತು, ಹಾಳೆಯ ಅಂಚನ್ನು ಹುಳ ತಿಂದಿತ್ತು. ಆದರೆ ಕಟ್ಟು — ಎರಡು ಬೆರಳು ಅಗಲದ ಸಾಗುವಾನಿ, ಮೂಲೆಯ ಜೋಡಣೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಬಲಕ್ಕೆ ಹೆಬ್ಬೆರಳು ಕೂರುವಷ್ಟು ಒಂದು ಗುಳಿ. ದೀಪವನ್ನು ತೀರ ಹತ್ತಿರ ಇಟ್ಟು ಇಟ್ಟು ಸುಟ್ಟದ್ದು. ಮರದ ಪುಡಿಗೆ ಅಂಟು ಕಲಸಿ ಆ ಗುಳಿ ತುಂಬಿಸಿದೆ, ಉಜ್ಜಿದೆ, ಪಾಲಿಶ್ ಹೊಡೆದೆ. ಕಣ್ಣಿಗೆ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ.

ಆ ಪಟವನ್ನು ಬಿಡಿಸಿದಾಗ ದೇವರ ಹಾಳೆಗೂ ರಟ್ಟಿಗೂ ನಡುವೆ ಒಂದು ಫೋಟೋ ಇತ್ತು. ದಪ್ಪ ಕಾಗದದ, ಕಪ್ಪುಬಿಳುಪಿನ ಸ್ಟುಡಿಯೋ ಫೋಟೋ. ಇಪ್ಪತ್ತೈದರ ಆಸುಪಾಸಿನ ಒಬ್ಬ, ಕುರ್ಚಿಯ ಬೆನ್ನಿನ ಮೇಲೆ ಬಲಗೈ ಇಟ್ಟು ನಿಂತಿದ್ದ. ನಾನು ಅವನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ಯಾಕೆ ನೋಡಲಿಲ್ಲ ಎನ್ನುವುದಕ್ಕೆ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಹಾಳೆ ತೆಳ್ಳಗಿದ್ದರೆ ಗಾಜಿಗೆ ಸರಿಯಾಗಿ ಕೂರುವುದಿಲ್ಲ, ಹಿಂದೆ ಏನಾದರೂ ದಪ್ಪ ಕೊಡಬೇಕು. ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರಿನ ರಟ್ಟು, ಸ್ಟುಡಿಯೋದವರು ಬೇಡವೆಂದು ಬಿಸಾಡಿದ ಫೋಟೋ — ಕೈಗೆ ಸಿಕ್ಕಿದ್ದನ್ನು ತುರುಕುತ್ತೇವೆ. ಅಪ್ಪನೂ ಹಾಗೆಯೇ ಮಾಡುತ್ತಿದ್ದ. ಪಟದ ಹಿಂದಿನಿಂದ ಯಾರದೋ ಮುಖ ಬಿದ್ದರೆ ನಮಗೆ ಅದು ಮುಖವೇ ಅಲ್ಲ, ದಪ್ಪ ಕಾಗದ. ಇದನ್ನೂ ಹಿಂದಿನ ಯಾವನೋ ಆಚಾರಿ ತುರುಕಿದ್ದು ಎಂದುಕೊಂಡು ರಟ್ಟಿನ ರಾಶಿಗೆ ಎಸೆದೆ. ದೀಪಾವಳಿಯ ಗಡಿಬಿಡಿ. ಅದೇ ದಿನಗಳಲ್ಲಿ ಯಾವುದೋ ಪಟಕ್ಕೆ ದಪ್ಪ ಸಾಲದೆ ಹೋದಾಗ ಅದನ್ನು ತೆಗೆದು, ಅಳತೆಗೆ ಸರಿಯಾಗಿ ಬ್ಲೇಡಿನಿಂದ ಎರಡೂ ಬದಿ ಕತ್ತರಿಸಿ, ಹಿಂದೆ ಕೊಟ್ಟು, ಮೊಳೆ ಹೊಡೆದೆ. ಯಾರ ಪಟ ಎಂದು ನೆನಪಿಲ್ಲ. ಕತ್ತರಿಸಿದ ಚೂರು ಮರುದಿನದ ಕಸದ ಗಾಡಿಗೆ ಹೋಯಿತು.

ಎರಡು ತಿಂಗಳ ಮೇಲೆ ಮಂಜಗುಣಿಯ ವಿನಾಯಕ ಅಂಗಡಿಗೆ ಬಂದ. ದೋಣಿಯ ಕೆಲಸದಲ್ಲಿ ಮೇಲೆ ಬಂದವನು, ತಾರಸಿ ಮನೆ ಕಟ್ಟಿಸಿದ್ದ. ಮನೆ ಒಕ್ಕಲಿಗೆ ಹೊಸ ವೆಂಕಟರಮಣ ಬೇಕಾಗಿತ್ತು.

“ಕಟ್ಟು ಹಳೇ ಕಾಲದ್ದು ಕಂಡಂಗೆ ಇರ್ಬೇಕು, ಆಚಾರ್ರೇ. ಪ್ಲಾಸ್ಟಿಕ್ಕಿನ ದೇವ್ರಿಗೆ ದೀಪ ಹಚ್ಚೂದಿಲ್ಲ ಅಂತದೆ ನಮ್ಮ ಆಯಿ” ಎಂದ. ಗೋಡೆಯ ಮೇಲಿದ್ದ ಹತ್ತಾರು ಕಟ್ಟುಗಳನ್ನು ಬಿಟ್ಟು ಅವನ ಕೈ ಹೋದದ್ದು ಆ ಸಾಗುವಾನಿಯ ಕಡೆಗೇ. ಹುಟ್ಟಿದಾಗಿನಿಂದ ನೋಡಿದ ಕಟ್ಟಲ್ಲವೇ, ಕಣ್ಣು ತಾನಾಗಿ ಹೋಗಿರಬೇಕು. ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ತಿಳಿಯದೆ ಮಾಡಿದ್ದು. ಅಲ್ಲಿಗೇ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ.

ವಿನಾಯಕನ ತಾಯಿಯೇ ನಾಗಮ್ಮ. ಅಂಕೋಲೆಯ ಮೀನುಪೇಟೆಯಲ್ಲಿ ಅವರನ್ನು ತಿಳಿಯದವರಿಲ್ಲ. ಮಗ ತೊಟ್ಟಿಲಲ್ಲಿದ್ದಾಗ ಗಂಡ ಹೋದ ದೋಣಿ ಮರಳಿ ಬರಲಿಲ್ಲ. ದೇಹವೂ ಸಿಗಲಿಲ್ಲ. ಬುಟ್ಟಿ ಹೊತ್ತು ಮಗನನ್ನು ಸಾಕಿದರು. ಹಣೆಯ ಕುಂಕುಮವನ್ನು ಮಾತ್ರ ಅಳಿಸಲಿಲ್ಲ, ಅಳಿಸು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಯಾರ ಮನೆಗೆ ಯಾವ ಮೀನು ಬೇಕು, ಯಾರ ಸೊಸೆ ಬಸುರಿ, ಯಾರಿಗೆ ಬಂಗಡೆ ಆಗಿಬರುವುದಿಲ್ಲ — ಎಲ್ಲ ಬಾಯಿಪಾಠ. ನನ್ನ ಹೆಂಡತಿ ದೂರದಲ್ಲಿ ಕಂಡರೆ ಸಾಕು, ಶೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಬೇರೆ ಎತ್ತಿಡುತ್ತಿದ್ದರು. ಅವರ ತಲೆ ಅಷ್ಟು ಚುರುಕು.

ಒಕ್ಕಲಿನ ಹಿಂದಿನ ದಿನ ಮಧ್ಯಾಹ್ನ ಪಟ ತೂಗುಹಾಕಲು ನಾನೇ ಹೋದೆ. ಗೋಡೆಗೆ ಮೊಳೆ ಹೊಡೆದು, ಪಟ ಏರಿಸಿ, ಓರೆಯಾಗಿದೆಯೇ ಎಂದು ಕೈಯಿಟ್ಟು ನೋಡುತ್ತಿದ್ದೆ. ನಾಗಮ್ಮ ಒಳಗಿನಿಂದ ಬಂದರು. ದೇವರಿಗೆ ಕೈ ಮುಗಿದರು. ಮುಗಿದ ಕೈಯನ್ನು ಹಾಗೆಯೇ ಚಾಚಿ ಕಟ್ಟಿನ ಕೆಳಗಿನ ಪಟ್ಟಿಯನ್ನು ಮುಟ್ಟಿದರು, ಎಡದಿಂದ ಬಲಕ್ಕೆ ಹೆಬ್ಬೆರಳು ಸವರಿಕೊಂಡು ಬಂದರು. ಒಂದು ಕಡೆ ಬೆರಳು ನಿಂತಿತು.

“ಇದು ನಮ್ದೇ ಕಟ್ಟು.”

ಮಗನನ್ನು ಹತ್ತಿರ ಕರೆದು ಮುಂದುವರಿಸಿದರು. “ಇಲ್ಲಿ ನೋಡು ಮಗಾ, ದೀಪ ತಾಗಿ ಸುಟ್ಟ ಗುಳಿ ಇಲ್ಲೇ ಇತ್ತು. ಯಾರೋ ತುಂಬ್ಸಿದ್ರು.”

ಸೊಸೆ ಸುಜಾತಾ ಮೆಲ್ಲಗೆ, “ಅದನ್ನ ನಾನೇ ಅರಳಿಕಟ್ಟೆಗೆ ಬಿಟ್ಟಿಕ್ಕಿ ಬಂದದ್ದಲ್ರಾ ಅತ್ತೇ, ಹುಳ ತಿಂದಿತ್ತು ಅಂತ” ಎಂದಳು.

“ಗೊತ್ತು. ನಾನು ಮರುದಿನ ಹೋಗಿ ನೋಡಿದ್ದೆ. ದೇವ್ರ ಹಾಳೆ ಕಲ್ಲಡಿಗೆ ಇತ್ತು. ಕಟ್ಟೂ ಇಲ್ಲ, ಅದ್ರ ಹಿಂದಿದ್ದದ್ದೂ ಇಲ್ಲ.” ಆಮೇಲೆ ಮಗನ ಕಡೆ ತಿರುಗಿದರು. “ಅದ್ರ ಹಿಂದೆ ನಿನ್ನ ಅಪ್ಪ ಇದ್ರು.”

ನನ್ನ ಕೈ ಪಟದ ಮೇಲೆಯೇ ಇತ್ತು. ಆ ಕ್ಷಣದಲ್ಲಿ ಕುರ್ಚಿಯ ಮೇಲೆ ಕೈಯಿಟ್ಟು ನಿಂತವನು ನನ್ನ ಕಣ್ಣ ಮುಂದೆ ಬಂದ. ನಾನು ನೋಡದೆ ಬಿಟ್ಟ ಮುಖ — ಆ ಮುಖವನ್ನು ಅವನ ಮಗನೂ ನೋಡಿಲ್ಲ ಎಂದು ಆಗಲೇ ತಿಳಿಯಿತು. ಯಾಕೆಂದರೆ ವಿನಾಯಕ ನಕ್ಕ. ಕೆಟ್ಟ ನಗೆಯಲ್ಲ, ಮನೆ ತುಂಬ ನೆಂಟರಿರುವಾಗ ತಾಯಿ ಏನೋ ಅಂದುಬಿಟ್ಟಳು ಎಂಬ ಮುಜುಗರದ ನಗೆ.

“ಅಪ್ಪನ ಫೋಟೋನೇ ಇಲ್ಲ ಅಂತ ನೀನೇ ಹೇಳ್ತಿದ್ದೆ ಅಲ್ದೇನೆ ಆಯಿ? ಈಗ ದೇವ್ರ ಹಿಂದೆ ಎಲ್ಲಿಂದ ಬಂದ್ರು?” ಎಂದವನು ನನ್ನನ್ನು ನೋಡಿದ. “ಆಚಾರ್ರೇ, ನೀವೇ ಹೇಳಿ. ಇದು ಹೊಸದಲ್ದಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಅಷ್ಟು ಪಳಗಿದ್ದೆ. ಒಂದು ಮಾತು ನಿಜ ಹೇಳಿದರೆ ನನ್ನ ಅಂಗಡಿಯ ಕಟ್ಟುಗಳೆಲ್ಲ ಕಟ್ಟೆಯವು ಎಂದು ನಾಳೆ ಪೇಟೆಯೆಲ್ಲ ಹಬ್ಬುತ್ತದೆ, ಹೌದು. ಮನೆಯ ದರಿದ್ರ ತಂದುಕೊಟ್ಟ ಎಂದು ಬಾಗಿಲಿಗೆ ಬಂದು ಬೈಯುವವರೂ ಇದ್ದಾರೆ, ಹೌದು. ಆದರೆ ಇದೆಲ್ಲ ಲೆಕ್ಕ ಹಾಕಿ ಹೇಳಿದೆ ಎಂದರೆ ಅದೂ ಸುಳ್ಳು. ನಾಲಿಗೆಯ ತುದಿಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು ತಾನಾಗಿ ಬಂತು.

“ಹೊಸದೇ. ಮಂಗಳೂರಿಂದ ತರ್ಸಿದ್ದು.”

ನಾಗಮ್ಮ ನನ್ನನ್ನು ನೋಡಿದರು. ಬಹಳ ಹೊತ್ತೇನಲ್ಲ. ಹೆಬ್ಬೆರಳನ್ನು ಕಟ್ಟಿನಿಂದ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಹಂಗಾರೆ ನಂಗೇ ತಪ್ಪಿರ್ಬೇಕು” ಎಂದು ಒಳಗೆ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಗೆ ಓಡಿಹೋಗಿ ರಟ್ಟಿನ ರಾಶಿಯನ್ನೆಲ್ಲ ನೆಲಕ್ಕೆ ಸುರಿದೆ. ಫೋಟೋ ಇರಲಿಲ್ಲ. ಆಗ ಇನ್ನೂ ಎರಡೇ ತಿಂಗಳಾಗಿತ್ತು — ಆ ಎರಡು ತಿಂಗಳಲ್ಲಿ ಯಾವ ಯಾವ ಮನೆಗೆ ಪಟ ಹೋಯಿತು ಎಂದು ಕುಳಿತು ನೆನೆದಿದ್ದರೆ ಮುಕ್ಕಾಲು ಪಾಲು ಹೇಳಬಲ್ಲವನಾಗಿದ್ದೆ. ಅಂದೇ ಹೇಳಿಬಿಟ್ಟಿದ್ದರೆ ವಾರದೊಳಗೆ ಸಿಗುತ್ತಿತ್ತು. ಹೇಳದೆ ಇದ್ದದ್ದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಎರಡು ವರ್ಷ ಸುಮ್ಮನಿದ್ದೆ. ಮರೆತುಹೋಗಬಹುದು ಎಂದುಕೊಂಡೆ. ಅವರು ಮರೆಯಬಹುದು, ಅಥವಾ ನಾನು —

ಅಷ್ಟರಲ್ಲಿ ಮೀನುಪೇಟೆಯಲ್ಲಿ ಅವರ ಜಾಗ ಖಾಲಿಯಾಯಿತು. ಮೊದಮೊದಲು ಸೊಸೆ ಕೂರುತ್ತಿದ್ದಳು, ಆಮೇಲೆ ಬೇರೆ ಯಾರೋ. ವಿನಾಯಕನೇ ಒಂದು ದಿನ ಅಂಗಡಿಗೆ ಬಂದಾಗ ಹೇಳಿದ. ಆಯಿಗೆ ಅರಳುಮರಳು, ಇಲ್ಲದ್ದೆಲ್ಲ ಇತ್ತು ಅನ್ನುತ್ತದೆ, ಪೇಟೆಗೆ ಕಳಿಸಲು ಹೆದರಿಕೆ, ಕಪಾಟಿನ ಕೀಲಿಯನ್ನೂ ಅವಳ ಹತ್ತಿರ ಕೊಡುವುದಿಲ್ಲ ಎಂದ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅವರು ಹೇಳಿದರೂ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರಂತೆ. ಬಹಳ ದುಃಖದಿಂದ ಹೇಳಿದ, ಅವನೇನೂ ಕೆಟ್ಟ ಮಗನಲ್ಲ. ಏಳುವಾಗ ಅಂದ:

“ನಿಮ್ಮ ಎದ್ರಿಗೇ ಶುರುವಾದದ್ದು ನೋಡಿ ಅದು. ಆ ಕಟ್ಟಿನ ದಿವ್ಸ.”

ಅವತ್ತು ನಾನು ಅನ್ನ ಉಣ್ಣಲಿಲ್ಲ. ಮರುದಿನದಿಂದ ಹುಡುಕಲು ಶುರುಮಾಡಿದೆ.

ಹುಡುಕಿದ್ದಾದರೂ ಹೇಗೆ? ನಿಜ ಹೇಳಿ ಅಲ್ಲ. ‘ಕಡಲ ಗಾಳಿಗೆ ಹಿಂಬದಿಯ ರಟ್ಟು ಬೂಸ್ಟು ಹಿಡಿಯುತ್ತದೆ, ಪುಕ್ಕಟೆ ಬದಲಿಸಿಕೊಡುತ್ತೇನೆ’ ಎಂದು ಮನೆಮನೆಗೆ ಹೋದೆ. ಭಾನುವಾರಗಳಲ್ಲಿ ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತುತ್ತಿದ್ದೆ — ಅಗಸೂರು, ಕಾರವಾರದ ಕೇರಿಗಳು, ಹಣಕೋಣದವರೆಗೂ. ನನ್ನ ಹೆಂಡತಿಗೂ ಕಾರಣ ಹೇಳಲಿಲ್ಲ. ಆಚಾರ್ರಿಗೆ ವಯಸ್ಸಾದ ಮೇಲೆ ದೇವರ ಸೇವೆಯ ಮನಸ್ಸು ಬಂತು ಎಂದು ಜನ ಹೊಗಳಿದರು. ಒಂದು ಮನೆಯಲ್ಲಿ ಶಾಲು ಹೊದೆಸಿದರು. ಹೊದ್ದುಕೊಂಡೆ. ಬೇಡ ಅನ್ನಬೇಕಾಗಿತ್ತು, ಅನ್ನಲಿಲ್ಲ.

ಆ ವರ್ಷಗಳಲ್ಲಿ ಎಷ್ಟು ಮನೆಗಳ ದೇವರ ಬೆನ್ನು ಬಿಚ್ಚಿದೆನೋ. ನಾನು ನಲವತ್ತು ವರ್ಷ ದಪ್ಪ ಕಾಗದ ಎಂದುಕೊಂಡದ್ದು ಏನೆಂದು ಆಗ ತಿಳಿಯಿತು. ಒಂದು ಕಡೆ ಮದುವೆಯಾಗದೆ ತೀರಿಕೊಂಡ ಮಗಳ ಜಾತಕ. ಇನ್ನೊಂದು ಕಡೆ ಹತ್ತನೆಯ ಇಯತ್ತೆ ನಪಾಸಾದವನ ಅಂಕಪಟ್ಟಿ, ನಾಲ್ಕಾಗಿ ಮಡಚಿದ್ದು. ಒಂದು ಮನೆಯಲ್ಲಿ ಆಸ್ಪತ್ರೆಯ ಒಂದು ಚೀಟಿ ಇತ್ತು, ಕೂಸಿನ ತೂಕ ಬರೆದಿತ್ತು, ಆ ಮನೆಯಲ್ಲಿ ಕೂಸು ಇರಲಿಲ್ಲ. ಮುಂದೆ ತೋರಿಸುವಂತಿಲ್ಲ, ಎಸೆಯುವಂತೆಯೂ ಇಲ್ಲ — ಅಂಥದ್ದನ್ನು ನಮ್ಮ ಜನ ದೇವರ ಹಿಂದೆ ಇಡುತ್ತಾರೆ. ಆಚಾರಿಗೂ ಹೇಳುವುದಿಲ್ಲ. ತಾವೇ ಮೊಳೆ ಕಿತ್ತು, ಇಟ್ಟು, ಮತ್ತೆ ಹೊಡೆಯುತ್ತಾರೆ. ಆ ಸೊಟ್ಟ ಮೊಳೆಗಳನ್ನು ನೋಡಿ ಹಿಂದೆಲ್ಲ ಯಾವನೋ ಬಾರದ ಆಚಾರಿಯ ಕೆಲಸ ಎಂದು ನಗುತ್ತಿದ್ದೆ. ಕಟ್ಟೆಯಿಂದ ತಂದ ಪಟಗಳಲ್ಲಿ ಅಂಥ ಎಷ್ಟನ್ನು ಕತ್ತರಿಸಿ ತುರುಕಿದ್ದೇನೋ, ಎಷ್ಟನ್ನು ಕಸದ ಗಾಡಿಗೆ ಕೊಟ್ಟಿದ್ದೇನೋ — ಅದನ್ನು ನೆನೆಯಲು ನನಗೆ ಧೈರ್ಯ ಸಾಲದು. ಸಿಕ್ಕಿದ್ದನ್ನೆಲ್ಲ ಸಿಕ್ಕಿದ ಹಾಗೆಯೇ ತಿರುಗಿ ಇಟ್ಟು ಬಂದೆ.

ಈ ವರ್ಷ ಹಣಕೋಣದ ಒಂದು ಮನೆಯಲ್ಲಿ, ಒಂದು ಮಗುವಿನ ಹುಟ್ಟುಹಬ್ಬದ ಫೋಟೋದ ಹಿಂದೆ, ವಿನಾಯಕನ ಅಪ್ಪ ಸಿಕ್ಕಿದರು. ಬೋರಲಾಗಿತ್ತು. ತಿರುಗಿಸುವ ಮೊದಲೇ ಗೊತ್ತಾಯಿತು. ಅಂಚಿನಲ್ಲಿ ಬ್ಲೇಡಿನ ಗೆರೆ ನೇರವಾಗಿತ್ತು. ನನ್ನ ಕೈಯ ಗೆರೆ ನನಗೆ ತಿಳಿಯದೇ? ಮುಖ ಚೆನ್ನಾಗಿಯೇ ಉಳಿದಿತ್ತು. ವಿನಾಯಕನದೇ ಹುಬ್ಬು, ಅದೇ ಗದ್ದ. ಎರಡೂ ಬದಿ ನಾನು ಕತ್ತರಿಸಿದ್ದೆ — ಕುರ್ಚಿ ಇರಲಿಲ್ಲ. ಕುರ್ಚಿಯ ಜೊತೆಗೆ ಮೊಣಕೈಯಿಂದ ಕೆಳಗಿನ ಬಲಗೈಯೂ ಇರಲಿಲ್ಲ.

ಮಂಜಗುಣಿಗೆ ಹೋಗುವಾಗ ನನ್ನ ತಲೆಯಲ್ಲಿ ಒಂದು ಉಪಾಯ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ. ಎಲ್ಲ ಮನೆಗಳ ಹಾಗೆ ಇಲ್ಲಿಯೂ ರಟ್ಟು ಬದಲಿಸುತ್ತೇನೆಂದು ಹೇಳಿ, ವೆಂಕಟರಮಣನನ್ನು ಇಳಿಸಿ, ಫೋಟೋವನ್ನು ಹಿಂದೆ ಸೇರಿಸಿ, ಮೊಳೆ ಹೊಡೆದು ಬಂದುಬಿಡುವುದು. ಅವರಿಗೆ ಅವರ ಗಂಡ ಸಿಕ್ಕಿದ ಹಾಗಾಯಿತು. ನನಗೆ ನನ್ನ ಅಂಗಡಿ ಉಳಿದ ಹಾಗಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪಟ ಇಳಿಸಿ ಹಜಾರದ ನೆಲದ ಮೇಲೆ ಬೋರಲು ಹಾಕಿದ್ದೆ. ಇಕ್ಕಳ ಕೈಯಲ್ಲಿತ್ತು. ನಾಗಮ್ಮ ಜಗುಲಿಯಲ್ಲಿ ಒಣಮೀನು ಆರಿಸುತ್ತ ಕುಳಿತಿದ್ದರು, ಎಪ್ಪತ್ತು ದಾಟಿದ ಬೆರಳುಗಳು ಒಂದು ಮೀನನ್ನೂ ತಪ್ಪು ರಾಶಿಗೆ ಹಾಕುತ್ತಿರಲಿಲ್ಲ. ಅಲ್ಲಿಂದಲೇ ಸುಜಾತಾಳಿಗೆ ಹೇಳಿದರು, ಮಳೆ ಮೋಡ ಕಟ್ಟಿದೆ, ಬಟ್ಟೆ ತೆಗೆ ಎಂದು. ಸುಜಾತಾ ನನ್ನನ್ನು ನೋಡಿ ಸಣ್ಣಗೆ ನಕ್ಕಳು, ಹುಚ್ಚುಮಾತಿಗೆ ನಗುವ ಹಾಗೆ. ಹೊರಗೆ ನಿಜಕ್ಕೂ ಮೋಡ ಕಟ್ಟಿತ್ತು. ಫೋಟೋವನ್ನು ನಾನು ಎಲ್ಲಿ ಬೇಕಾದರೂ ಸೇರಿಸಬಲ್ಲೆ, ಈ ನಗೆಯನ್ನು ಯಾವ ರಟ್ಟಿನಿಂದ ಮುಚ್ಚಲಿ? ಇಕ್ಕಳ ಕೆಳಗಿಟ್ಟೆ.

ವಿನಾಯಕನನ್ನು ಕರೆಯಿರಿ ಎಂದೆ. ಬಂದ. ನಾಗಮ್ಮನವರನ್ನೂ ಒಳಗೆ ಕರೆದೆ. ತಡೆಯದೆ ಹೇಳಿದೆ.

“ಆಯಿ ಹೇಳಿದ್ದೇ ಖರೆ. ಇದು ನಿಮ್ದೇ ಕಟ್ಟು. ಕಟ್ಟೆಯಿಂದ ತಂದವ ನಾನೇ, ಗುಳಿ ತುಂಬ್ಸಿದವ ನಾನೇ. ನಾನು ಅಂದು ಸುಳ್ಳು ಹೇಳ್ದೆ.” ಫೋಟೋವನ್ನು ನಾಗಮ್ಮನವರ ಕೈಗೆ ಕೊಟ್ಟೆ.

ಅವರು ಅಳಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ನನ್ನನ್ನು ಕೇಳಿದರು:

“ಆಚಾರ್ರೇ, ಇವ್ರ ಕೈ ಎಲ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಅವರು ಮಗನಿಗೆ ಹೇಳತೊಡಗಿದರು. “ಬಲಗೈ ಕುರ್ಚಿ ಮೇಲೆ ಇತ್ತು. ವಾಚು ಕಟ್ಟಿತ್ತು, ಸ್ಟುಡಿಯೋದವ್ರದ್ದೇ ವಾಚು, ಫೋಟೋಕ್ಕೆ ಅಂತ ಕೊಟ್ಟದ್ದು. ಕುರ್ಚಿಗೆ ಬೆತ್ತದ ಹೆಣಿಗೆ, ಒಂದು ಎಳೆ ಹರ್ದಿತ್ತು. ನಾನು ಹೊರಗೆ ನಿಂತಿದ್ದೆ, ನೀನು ನನ್ನ ಹೊಟ್ಟೆಯಲ್ಲಿದ್ದೆ.” ನಿಧಾನವಾಗಿ, ಒಂದೊಂದಾಗಿ, ಮೀನು ಆರಿಸಿದ ಹಾಗೆ ಹೇಳಿದರು. “ದಡಕ್ಕೆ ಬರದೇ ಇದ್ದವ್ರಿಗೆ ಹಾರ ಹಾಕುಕೆ ನಂಗೆ ಮನ್ಸಾಗ್ಲಿಲ್ಲ. ಹಾರ ಇಲ್ದೆ ಗೋಡೆಗೆ ಹಾಕಿದ್ರೆ ಬಂದವ್ರೆಲ್ಲ ಕೇಳ್ತ್ರು. ಅದ್ಕೇ ದೇವ್ರ ಹಿಂದೆ ಇಟ್ಟೆ. ಒಂದೇ ದೀಪ ಇಬ್ರಿಗೂ ಆಗ್ತಿತ್ತು.”

ವಿನಾಯಕ ಫೋಟೋವನ್ನು ತೆಗೆದುಕೊಂಡ. ತನ್ನ ತಂದೆಯ ಮುಖವನ್ನು ಮೊದಲ ಸಲ ನೋಡಿದ — ತನಗಿಂತ ಚಿಕ್ಕವನ ಮುಖ. ನೋಡುತ್ತ ನೋಡುತ್ತ ಅವನ ಕಣ್ಣು ತುಂಬಿತು. ತಲೆ ಎತ್ತಿ ತಾಯಿಯ ಮುಖ ನೋಡಲು ಅವನಿಂದ ಆಗಲಿಲ್ಲ. ಸುಜಾತಾ ಎದ್ದು ಒಳಗೆ ಹೋದವಳು ಕಪಾಟಿನ ಕೀಲಿ ತಂದು ಅತ್ತೆಯ ಪಕ್ಕ ನೆಲದ ಮೇಲೆ ಇಟ್ಟಳು.

“ಕೈಯನ್ನು ನಾನೇ ಕತ್ತರಿಸಿದೆ. ಕಸಕ್ಕೆ ಹೋಯಿತು” ಎಂದೆ. ಕ್ಷಮಿಸಿ ಎಂದು ಕೇಳಲು ಹೊರಟೆ. ನಾಗಮ್ಮ ಕೈ ಎತ್ತಿ ತಡೆದರು. ಕಟ್ಟಿನ ಕಡೆ ಬೆರಳು ತೋರಿಸಿ ಹೇಳಿದರು, “ಅದ್ನ ತೆಗೀರಿ. ನೀವು ತುಂಬ್ಸಿದ್ದು.”

ಉಳಿ ತೆಗೆದು ನಾನು ತುಂಬಿಸಿದ ಮರದ ಪುಡಿಯನ್ನು ಕೆತ್ತಿದೆ. ಒಂಬತ್ತು ವರ್ಷದಲ್ಲಿ ಕಲ್ಲಾಗಿತ್ತು. ಚೂರು ಚೂರಾಗಿ ಬಂತು. ಒಳಗಿನ ಸುಟ್ಟ ಕಪ್ಪು ಕಾಣಿಸಿತು. ಅವರು ಹೆಬ್ಬೆರಳು ಇಟ್ಟು ನೋಡಿದರು, ಸರಿಯಾಗಿ ಕೂತಿತು. ಆಮೇಲೆ ಮಗನ ಕೈಯಿಂದ ಫೋಟೋ ತೆಗೆದು ದೇವರ ಬೆನ್ನಿಗೆ ಇಟ್ಟರು. ಮೊಳೆ ಹೊಡೆಯಲು ನಾನು ಕೈ ಚಾಚಿದೆ. ಸುತ್ತಿಗೆಯನ್ನು ನನ್ನಿಂದ ತೆಗೆದು ಮಗನಿಗೆ ಕೊಟ್ಟರು. ಅವನು ಸೊಟ್ಟಗೆ ಹೊಡೆದ.

ಈಗ ನನ್ನ ಅಂಗಡಿಯಲ್ಲಿ ಹೊಸ ಕಟ್ಟಿಗೆ ಒಂದು, ಹಳೆಯದಕ್ಕೆ ಒಂದು, ಹೀಗೆ ಎರಡು ಗೋಡೆ ಇವೆ. ಒಂದರ ಮೇಲೆ ‘ಅರಳಿಕಟ್ಟೆಯ ಹಳೆಯ ಮರ’ ಎಂದು ದೊಡ್ಡದಾಗಿ ಬರೆದಿದ್ದೇನೆ. ಕೊಳ್ಳುವವರು ಕಡಿಮೆ, ಕೊಳ್ಳುವವರು ಕೊಳ್ಳುತ್ತಾರೆ. ಕಟ್ಟೆಯಿಂದ ತಂದ ಪಟದ ಹಿಂದೆ ಏನು ಸಿಕ್ಕರೂ ಮೇಜಿನ ಮೇಲೆ ಗಾಜಿನಡಿ ಇಡುತ್ತೇನೆ, ಬಂದು ಕೇಳಿದವರಿಗೆ ಕೊಡುತ್ತೇನೆ. ಹಿಂದೆ ನನ್ನ ಹತ್ತಿರ ಸಾಗುವಾನಿಯ ಕಟ್ಟು ಕೊಂಡವರು ಇದನ್ನು ಓದುತ್ತಿದ್ದ ಪಕ್ಷದಲ್ಲಿ ತಿಳಿದುಕೊಳ್ಳಿ — ಅದು ಮಂಗಳೂರಿನದಲ್ಲ. ಪುಕ್ಕಟೆ ರಟ್ಟು ಬದಲಿಸಿಕೊಂಡವರೂ ತಿಳಿದುಕೊಳ್ಳಿ, ಅದು ಸೇವೆ ಆಗಿರಲಿಲ್ಲ. ಶಾಲನ್ನು ಹೊದೆಸಿದವರ ಮನೆಗೇ ತಿರುಗಿ ಕೊಟ್ಟು ಬಂದಿದ್ದೇನೆ.

ನಾಗಮ್ಮ ಮತ್ತೆ ಪೇಟೆಗೆ ಬರುತ್ತಾರೆ. ಹಳೆಯ ಜಾಗದಲ್ಲಿಯೇ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ನನ್ನ ಹೆಂಡತಿ ಹೋದರೆ ಮೊದಲಿನ ಹಾಗೆಯೇ ಶೆಟ್ಲಿ ಎತ್ತಿಟ್ಟಿರುತ್ತಾರೆ, ಮನೆಯವರ ಆರೋಗ್ಯ ಕೇಳುತ್ತಾರೆ. ನಾನು ಹೋದರೆ, ನನ್ನ ಸರದಿ ಬಂದಾಗ, ನನ್ನ ಹಿಂದೆ ನಿಂತವರನ್ನು ಕರೆದು ಅವರಿಗೆ ಕೊಡುತ್ತಾರೆ. ಅವರು ಹೋದ ಮೇಲೆ ಇನ್ನೊಬ್ಬರಿಗೆ. ನಾನು ಚೀಲ ಹಿಡಿದು ನಿಂತಿರುತ್ತೇನೆ. ಬುಟ್ಟಿ ಖಾಲಿಯಾದ ಮೇಲೆ ಮನೆಗೆ ಬರುತ್ತೇನೆ. ಮರುದಿನ ಮತ್ತೆ ಹೋಗಿ ನಿಲ್ಲುತ್ತೇನೆ.